ಇಪ್ಪತ್ತೊಂದನೇ ದಿನದ ಲೆಕ್ಕ

ಸೂಳೆಕೆರೆ ಸುತ್ತಿನ ಕೆರೆಬಿಳಚಿ, ಬಸವಾಪಟ್ಟಣದ ಕಡೆ ಹಿತ್ತಿಲಲ್ಲಿ ನಾಲ್ಕು ನಾಟಿ ಕೋಳಿ ಓಡಾಡುವುದು ಹೊಸತೇನಲ್ಲ. ಹೊಸತು ಅಂದರೆ ಒಳಕೋಣೆಯ ಥರ್ಮಾಕೋಲ್ ಪೆಟ್ಟಿಗೆ: ಒಂದು ಬಲ್ಬು, ಅಂಗೈಯಗಲದ ಫ್ಯಾನು, ಉಷ್ಣತೆ ತೋರಿಸುವ ಕೆಂಪು ಅಂಕಿ. ನಾಟಿ ಕೋಳಿಗೆ ಬೆಲೆ ಬಂದಮೇಲೆ ಇನ್‌ಕ್ಯುಬೇಟರ್ ಹಳ್ಳಿಮನೆಗೂ ಬಂತು. ಮಾರುವವರು ಹೇಳುವುದೆಲ್ಲ 21ನೇ ದಿನದ ಲೆಕ್ಕ, ಇಷ್ಟು ಮೊಟ್ಟೆಗೆ ಇಷ್ಟು ಮರಿ ಅಂತ. ನನ್ನ ತಕರಾರು ಇರುವುದು ಆ ಲೆಕ್ಕದ ಮೇಲೇ.

ಮೊದಲು ಹ್ಯಾಟೆಯ ಕೆಲಸ ನೋಡಿ. ಕಾವಿಗೆ ಬಂದ ಹ್ಯಾಟೆ ಪುಕ್ಕ ಕೆದರಿಕೊಂಡು ಕೂರುತ್ತದೆ, ಕೈ ಹಾಕಿದರೆ ಗುರ್ ಎಂದು ಕುಕ್ಕುತ್ತದೆ. ಬುಟ್ಟಿಗೆ ಹುಲ್ಲು ಹಾಸಿ, ಹೇನು ಬೀಳದಿರಲೆಂದು ಒಲೆಬೂದಿ, ಬೇವಿನಸೊಪ್ಪು ಹಾಕಿ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ ಮುಗಿಯಿತು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕೆಲವರು ಕಬ್ಬಿಣದ ಚೂರನ್ನೂ ಇಡುತ್ತಾರೆ. ಅದರಿಂದ ಲಾಭವಿಲ್ಲ, ನಷ್ಟವೂ ಇಲ್ಲ. ಎದೆಯ ಪುಕ್ಕ ಉದುರಿ ಬರಿದಾದ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಅಂಚಿನ ಮೊಟ್ಟೆಯನ್ನು ಕೊಕ್ಕಿನಿಂದ ಒಳಕ್ಕೆ ಎಳೆದು, ನಡುವಿನದನ್ನು ಹೊರಕ್ಕೆ ತಳ್ಳುತ್ತ ಹಗಲೂ ರಾತ್ರಿ ತಿರುಗಿಸುತ್ತಿರುತ್ತದೆ. ದಿನಕ್ಕೊಮ್ಮೆ ಕಾಳು, ನೀರಿಗೆಂದು ಎದ್ದು ಹೋದಾಗ ಮೊಟ್ಟೆ ಸ್ವಲ್ಪ ತಣಿದರೂ ಏನೂ ಕೆಡುವುದಿಲ್ಲ.

ಫ್ಯಾನಿರುವ ಪೆಟ್ಟಿಗೆ ಇಷ್ಟನ್ನೆಲ್ಲ 37.5 ಡಿಗ್ರಿ ಎಂಬ ಒಂದು ಅಂಕಿಗೆ ಇಳಿಸುತ್ತದೆ. ಅದು ಸಣ್ಣ ಸಾಧನೆಯಲ್ಲ. ಅಂಕಿ ಸರಿಯಿದ್ದು, ಮೊದಲ 18 ದಿನ ಮೊಟ್ಟೆ ತಿರುಗಿಸಿ, ಕೊನೆಯ ಮೂರು ದಿನ ತಿರುಗಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸಿದರೆ ಮರಿ ಬರುತ್ತದೆ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಜೀವವಿರುವ ಮೊಟ್ಟೆಯೊಳಗೆ ಕೆಂಪು ನರಗಳು ಜೇಡನ ಕಾಲಿನಂತೆ ಹರಡಿರುವುದು ಕಾಣುತ್ತದೆ; ಗೊಡ್ಡು ಮೊಟ್ಟೆ ಬರಿದೆ ಬೆಳಗುತ್ತದೆ. ಅಂಗಡಿಯ ಬಿಳಿ ಮೊಟ್ಟೆ ತಂದಿಟ್ಟವರಿಗೆ ಅವತ್ತೇ ಗುಟ್ಟು ತಿಳಿಯುತ್ತದೆ: ಫಾರಂನಲ್ಲಿ ಹುಂಜ ಇರುವುದಿಲ್ಲ.

ಪೆಟ್ಟಿಗೆಯ ದೌರ್ಬಲ್ಯ ಬೇರೆ ಕಡೆಯಿದೆ. ಅದಕ್ಕೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಶೀಟಿನ ಮನೆಯ ಕೋಣೆಯೇ 38 ಮುಟ್ಟಿದರೆ ಬಲ್ಬು ಆರಿದರೂ ಒಳಗಿನ ಬಿಸಿ ಇಳಿಯುವುದಿಲ್ಲ. ಕರೆಂಟು ಹೋಗಿ ಒಂದು ಗಂಟೆ ತಣಿದ ಮೊಟ್ಟೆ ಬದುಕೀತು, ಎರಡು ಡಿಗ್ರಿ ಹೆಚ್ಚಿಗೆ ಬೆಂದದ್ದು ಬದುಕುವುದು ಕಷ್ಟ. ನಾಲೆನೀರಿನ ಚನ್ನಗಿರಿ ತೋಟದ ಮನೆಯಲ್ಲಿ ಹೊಂದಿಕೊಂಡ ಪೆಟ್ಟಿಗೆಯನ್ನೇ ಜಗಳೂರಿನ ಒಣಹವೆಗೆ ಒಯ್ದರೆ ನೀರಿನ ತಟ್ಟೆ ಬೇಗ ಆರುತ್ತದೆ. ಒಳಪೊರೆ ಒಣಗಿ ಅಂಟಿ, ಚಿಪ್ಪು ಒಡೆದ ಮರಿ ಹೊರಬರಲಾರದೆ ಸಾಯುತ್ತದೆ. ಪೆಟ್ಟಿಗೆಯ ಜೊತೆ ಬರುವ ಚೀಟಿ ಎಲ್ಲ ಊರಿಗೂ ಒಂದೇ.

ಇದಕ್ಕಿಂತ ದೊಡ್ಡ ಲೋಪ 21ನೇ ದಿನದ ನಂತರದ್ದು. ಪೆಟ್ಟಿಗೆಯ ಕೆಲಸ ಅಲ್ಲಿಗೆ ಮುಗಿಯಿತು, ಹ್ಯಾಟೆಯದು ಅಲ್ಲಿಂದ ಶುರು. ಮರಿಗೆ ರೆಕ್ಕೆಯಡಿ ಬೆಚ್ಚಗೆ ಜಾಗ ಕೊಡುವುದು, ತಿಪ್ಪೆ ಕೆದರಿ ಗೆದ್ದಲು ತೋರಿಸುವುದು, ಹದ್ದಿನ ನೆರಳು ಕಂಡೊಡನೆ ಕೂಗಿ ಬಚ್ಚಿಡುವುದು, ಇದೆಲ್ಲ ಪುಕ್ಕಟೆ. ಪೆಟ್ಟಿಗೆ ಮರಿಗೆ ಮತ್ತೆ ಬಲ್ಬು, ಮತ್ತೆ ಕರೆಂಟು, ಕೊಂಡು ತಂದ ಆಹಾರ, ಕಾವಲು. ಇಬ್ಬರನ್ನೂ ತೂಗುವುದಾದರೆ ಎರಡು ತಿಂಗಳಿಗೆ ಉಳಿದ ಮರಿ ಎಣಿಸಿ ತೂಗಬೇಕು.

ಹಾಗೆಂದು ಹ್ಯಾಟೆಯನ್ನು ಹೊಗಳಿ ಬಿಡುವಂತಿಲ್ಲ. ಕಾವು ಕೂತು ಮರಿ ಬೆಳೆಸುವ ಆ ತಿಂಗಳುಗಳಲ್ಲಿ ಮೊಟ್ಟೆಯಿಲ್ಲ. ತಾಯಿ ಎಷ್ಟೇ ಗಟ್ಟಿಯಿದ್ದರೂ ಮುಂಗುಸಿ, ಹದ್ದು ತಮ್ಮ ಪಾಲು ಬಿಡುವುದಿಲ್ಲ. ರಾಣಿಖೇತ್ ರೋಗಕ್ಕೆ ಲಸಿಕೆ ಹಾಕಿಸದಿದ್ದರೆ ಯಾವ ತಾಯಿಯೂ ಕಾಯಲಾರಳು. ಮೊಟ್ಟೆಯ ಆಸೆಗೆ ಕಾವು ಬಿಡಿಸಲೆಂದು ನೀರಿಗೆ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ಇನ್ನೂ ನಡೆದಿದೆ. ಅದು ಶುದ್ಧ ಹಿಂಸೆ. ಇನ್ನು ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿ ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ; ಅದರ ಮೊಟ್ಟೆ ಮರಿಯಾಗಲು ಪೆಟ್ಟಿಗೆಯೋ ನಾಟಿ ಹ್ಯಾಟೆಯ ಮಡಿಲೋ ಬೇಕೇ ಬೇಕು.

ನನಗೆ ಹಿಡಿಸಿದ್ದು ಎರಡನ್ನೂ ಬೆರೆಸುವ ರೀತಿ. ಹ್ಯಾಟೆ ಕೂತ ದಿನವೇ ಪೆಟ್ಟಿಗೆಗೂ ಮೊಟ್ಟೆ ಇಟ್ಟು, ಅಲ್ಲಿ ಹುಟ್ಟಿದ ಮರಿಗಳಲ್ಲಿ ಅದರ ರೆಕ್ಕೆಯಡಿ ಹಿಡಿಸುವಷ್ಟನ್ನು ರಾತ್ರಿ ಕತ್ತಲಲ್ಲಿ ಅದರ ಮರಿಗಳ ಜೊತೆ ಸೇರಿಸಿದರೆ ಸಾಮಾನ್ಯವಾಗಿ ತನ್ನವೆಂದೇ ಸಾಕುತ್ತದೆ. ಆದರೆ ಮರಿಗೆ ಒಂದೆರಡು ದಿನ ದಾಟಿರಬಾರದು.

ಆದರೂ ಒಂದು ಆತಂಕ ಉಳಿಯುತ್ತದೆ. ಕಾವು ಕೂರದ ಹ್ಯಾಟೆಯ ಮೊಟ್ಟೆಯನ್ನೂ ಪೆಟ್ಟಿಗೆ ಅಷ್ಟೇ ಅಕ್ಕರೆಯಿಂದ ಮರಿ ಮಾಡುತ್ತದೆ. ಅಂಥದು ಮೊಟ್ಟೆ ಹೆಚ್ಚು ಇಡುವುದರಿಂದ ಅದರ ಮರಿಗಳೇ ಹೆಚ್ಚುತ್ತವೆ. ಲೆಗಾರ್ನ್ ತಳಿ ಕಾವನ್ನೇ ಮರೆತದ್ದು ಹೀಗೆ ಆರಿಸಿ ಆರಿಸಿಯೇ. ನಾಟಿ ಕೋಳಿಗೂ ಆ ಗತಿ ಬರಬಾರದೆಂದರೆ, ಚೆನ್ನಾಗಿ ಕೂತು ಮರಿ ಬೆಳೆಸಿದ ಹ್ಯಾಟೆಯ ಮೊಟ್ಟೆಗೆ ಪೆನ್ಸಿಲ್ ಗುರುತು ಹಾಕಿ, ಪೆಟ್ಟಿಗೆಗೆ ಮೊದಲು ಅವನ್ನೇ ಇಡಬೇಕು.