ತಪ್ಪೆಲ್ಲ ರೇಡಿಯೊ ಅಲೆಯ ತಲೆಗೆ

‘ವೈರ್‌ಲೆಸ್ ಮೌಸ್ ಸ್ಲೋ, ಕೆಲಸಕ್ಕೆ ವೈರ್ ಇರೋದೇ ವಾಸಿ’ ಎನ್ನುವ ಮಾತು ಕಂಪ್ಯೂಟರ್ ಅಂಗಡಿಗಳಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ. ರೇಡಿಯೊ ಅಲೆ ದಾರಿಯಲ್ಲೆಲ್ಲೋ ದಣಿದು ಕೂರುತ್ತದೆ ಎಂದು ಇವರ ನಂಬಿಕೆಯೋ ಏನೋ. ಒಂದು ಮೀಟರ್ ದಾಟಲು ಅದಕ್ಕೆ ಸಾಕಾಗುವುದು ಸುಮಾರು 3 ನ್ಯಾನೊಸೆಕೆಂಡ್. ತಾಮ್ರದ ಕೇಬಲ್ಲಿನಲ್ಲಿ ಹೋಗುವ ಸಂಕೇತವೇ ಅದಕ್ಕಿಂತ ನಿಧಾನ.

ತಡವಾಗುವುದು ಪಯಣದಲ್ಲಲ್ಲ, ಸರದಿಗಾಗಿ ಕಾಯುವುದರಲ್ಲಿ. ಕಚೇರಿಗಳಲ್ಲಿರುವ ಸಾಧಾರಣ ಯುಎಸ್‌ಬಿ ಮೌಸ್ ವೈರ್ ಇದ್ದೂ ಸೆಕೆಂಡಿಗೆ 125 ಸಲ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ ಮಾತ್ರ ವರದಿ ಒಪ್ಪಿಸುತ್ತದೆ. ಗೇಮ್ ಆಡುವವರಿಗೆಂದೇ ಮಾಡಿದ ವೈರ್‌ಲೆಸ್ ಮೌಸ್ ತನ್ನದೇ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಮೂಲಕ ಮಿಲಿಸೆಕೆಂಡಿಗೊಮ್ಮೆ ಒಪ್ಪಿಸುತ್ತದೆ. ಯಾವುದು ಸ್ಲೋ?

ಹಾಗಾದರೆ ಕರ್ಸರ್ ಯಾಕೆ ತಡವರಿಸುತ್ತದೆ? ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ ವೈ-ಫೈ, ಬ್ಲೂಟೂತ್, ಮೈಕ್ರೊವೇವ್ ಒಲೆಗಳೂ ಬಳಸುತ್ತವೆ, ಅದು ನಿಜ. ಆದರೆ ಯಾರೂ ಅನುಮಾನಿಸದ ಅಪರಾಧಿ ಕಂಪ್ಯೂಟರಿನಲ್ಲೇ ಇದೆ. ಯುಎಸ್‌ಬಿ 3.0 ಪೋರ್ಟು ಕೆಲಸ ಮಾಡುವಾಗ ಹೊಮ್ಮುವ ವಿದ್ಯುತ್ ಗದ್ದಲ ಇದೇ ಪಟ್ಟಿಯ ಮೇಲೂ ಹರಡುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಹಾರ್ಡ್‌ಡಿಸ್ಕ್ ಸಿಕ್ಕಿಸಿದ ಪೋರ್ಟಿನ ಪಕ್ಕದಲ್ಲೇ ಡಾಂಗಲ್ ಇಟ್ಟರೆ, ಸಂತೆಯಲ್ಲಿ ಪಿಸುಮಾತು ಆಲಿಸುವ ಪಾಡು ಅದರದು. ಪರಿಹಾರ ಅಗ್ಗ: ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೌಸಿನ ಹತ್ತಿರಕ್ಕೆ ತರುವುದು. (ವೈರ್‌ಲೆಸ್ಸಿಗೂ ವೈರೇ ಬೇಕಾಯಿತಲ್ಲ ಎಂದು ಅಂಗಡಿಯವರು ನಗಲಿ.)

ವೈರ್‌ಲೆಸ್ ಮೌಸನ್ನು ಬೈಯಲೇಬೇಕೆಂದರೆ ಸರಿಯಾದ ಕಾರಣ ಬೇರೆಯೇ ಇದೆ. 2016ರಲ್ಲಿ ಬ್ಯಾಸ್ಟಿಲ್ ಎಂಬ ಭದ್ರತಾ ಸಂಸ್ಥೆ ‘ಮೌಸ್‌ಜಾಕ್’ ಎಂಬ ದೋಷವನ್ನು ಬಯಲು ಮಾಡಿತು. ಹಲವು ಕಂಪನಿಗಳ, ಬ್ಲೂಟೂತ್ ಅಲ್ಲದ ಡಾಂಗಲ್‌ಗಳಲ್ಲಿ ಕೀಬೋರ್ಡಿನ ಮಾತಿಗೆ ಗೂಢಲಿಪಿ ಇತ್ತು, ಮೌಸಿನ ಮಾತಿಗೆ ಇರಲಿಲ್ಲ. ಮೌಸ್ ಏನು ಗುಟ್ಟು ಹೇಳೀತು ಎಂಬ ಉದಾಸೀನ. ದೂರದಲ್ಲಿ ಕುಳಿತವನು ಅಗ್ಗದ ರೇಡಿಯೊ ಸಾಧನದಿಂದ, ಮೌಸಿನ ಸೋಗಿನಲ್ಲಿ, ಗೂಢಲಿಪಿಯಿಲ್ಲದ ಕೀಲಿಯೊತ್ತುಗಳನ್ನು ಕಳಿಸಿದರೆ ಡಾಂಗಲ್ ಅದನ್ನೂ ಒಪ್ಪಿಕೊಳ್ಳುತ್ತಿತ್ತು. ನೀವು ನೋಡುತ್ತಿರುವಂತೆಯೇ ಅವನು ನಿಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದಿತ್ತು.

ಕೆಲವು ಕಂಪನಿಗಳು ತಿದ್ದುಪಡಿ ಕೊಟ್ಟವು. ಎಷ್ಟೋ ಡಾಂಗಲ್‌ಗಳ ತಂತ್ರಾಂಶವನ್ನು ಬದಲಿಸಲು ಅವಕಾಶವೇ ಇರಲಿಲ್ಲ. ಮಿಲಿಸೆಕೆಂಡುಗಳ ಬಗ್ಗೆ ಗೊಣಗುವ ಖರೀದಿದಾರರು ಡಾಂಗಲ್‌ನಲ್ಲಿ ಈ ದೋಷ ಇದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಡ್ರಾಯರಿನಲ್ಲಿ ಆ ಕಾಲದ ಮೌಸ್ ಉಳಿದಿದ್ದರೆ, ತಯಾರಕರ ತಿದ್ದುಪಡಿ ಇದೆಯೇ ನೋಡಿ. ಇಲ್ಲವಾದರೆ ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಬೇಡಿ.