ತಾನಾಗಿ ಬರುವ ಯಶಸ್ಸು

ಪ್ರತಿಭೆಯಿದ್ದರೆ ಯಶಸ್ಸು ತಾನಾಗಿ ಹುಡುಕಿಕೊಂಡು ಬರುತ್ತದೆ ಎಂಬ ಮಾತಿಗೆ ನಮ್ಮ ಧಾರವಾಡದ ಕಡೆ ಮಲ್ಲಿಕಾರ್ಜುನ ಮನಸೂರರನ್ನು ಸಾಕ್ಷಿ ನಿಲ್ಲಿಸುವುದು ರೂಢಿ. ಹಳ್ಳಿಯ ಹುಡುಗ, ನಾಟಕ ಕಂಪನಿ, ಕೊನೆಗೆ ಪದ್ಮವಿಭೂಷಣ. ನಾನೂ ಮಾಸ್ತರನಾಗಿದ್ದಾಗ ಚೆನ್ನಾಗಿ ಹಾಡುವ ಹುಡುಗನೊಬ್ಬನಿಗೆ ಈ ಕತೆ ಹೇಳಿ ಬೆನ್ನು ತಟ್ಟಿ ಕಳಿಸಿದ್ದೆ. ಈಚೆಗೆ ಮನಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ಮತ್ತೆ ಓದಿದಾಗ, ಅಂದು ಹೇಳಿದ್ದು ಅರ್ಧ ಕತೆ ಎಂದು ಮನವರಿಕೆಯಾಯಿತು.

ಆ ಬದುಕಿನಲ್ಲಿ ತಾನಾಗಿ ಬಂದದ್ದು ತೀರ ಕಡಿಮೆ. 1910ರಲ್ಲಿ ಮನಸೂರಿನಲ್ಲಿ ಹುಟ್ಟಿದ ಹುಡುಗ ನಾಟಕಕ್ಕೆ ಬಂದದ್ದು ಅಣ್ಣ ಬಸವರಾಜರ ಬೆನ್ನು ಹಿಡಿದು. ಮೊದಲ ಪಾಠ ಅಪ್ಪಯ್ಯಸ್ವಾಮಿಗಳದು. ಆಮೇಲೆ ಮಿರಜಿನಲ್ಲಿ ನೀಲಕಂಠಬುವಾ ಅವರು ಗ್ವಾಲಿಯರ್ ಗಾಯಕಿಯನ್ನು ಕಲಿಸಿದರು. ಮುಂದೆ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರು ಶಿಷ್ಯನೆಂದು ಒಪ್ಪಿಕೊಂಡರು. 1937ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡಾಗ, ಅವರ ತಮ್ಮ ಬುರ್ಜೀ ಖಾನರು ಪಾಠ ಮುಂದುವರಿಸಿದರು. ಒಬ್ಬೊಬ್ಬರೂ ಒಂದೊಂದು ಬಾಗಿಲು ತೆರೆದರು. ಇವರಲ್ಲಿ ಯಾರಾದರೊಬ್ಬರು ಒಲ್ಲೆ ಎಂದಿದ್ದರೆ?

ಇಷ್ಟಾದ ಮೇಲೂ ದೊಡ್ಡ ಮನ್ನಣೆ ತಡವಾಗಿಯೇ ಬಂತು. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಪದ್ಮವಿಭೂಷಣ 1992ರಲ್ಲಿ, ಅವರು ತೀರಿಕೊಂಡ ವರ್ಷವೇ. ನಲವತ್ತರ ವಯಸ್ಸಿನಲ್ಲಿ ಅವರಲ್ಲಿ ಪ್ರತಿಭೆ ಇರಲಿಲ್ಲವೇ? ಖಂಡಿತ ಇತ್ತು. ಅಪರೂಪದ ರಾಗಗಳನ್ನು, ಸಭೆಯನ್ನು ಓಲೈಸುವ ಹಂಗಿಲ್ಲದೆ ಹಾಡುವ ಆ ಗಾಯನಕ್ಕೆ ಕಿವಿಗಳು ಸಿದ್ಧವಾಗಲು ಕಾಲ ಹಿಡಿಯಿತು. ಹಾಡುವವನ ಯಶಸ್ಸಿನಲ್ಲಿ ಕೇಳುವವರ ಪಾಲೂ ಇರುತ್ತದೆ.

ಹಾಗಾದರೆ ಪ್ರತಿಭೆಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಬಾಗಿಲು ತೆರೆದಾಗ ಒಳಗೆ ಹೋಗಿ ನಿಲ್ಲುವ ಶಕ್ತಿ ಅದರದೇ. ಯಾರೂ ಕೇಳದ ದಿನಗಳಲ್ಲೂ ಬೆಳಗಿನ ರಿಯಾಜಿಗೆ ಕೂರಿಸುವುದು ಬಹುಶಃ ಅದೇ. ಆದರೆ ಬಾಗಿಲನ್ನು ಒಳಗಿನವರೇ ತೆರೆಯಬೇಕು. ಗೆದ್ದವರ ಚರಿತ್ರೆಯನ್ನಷ್ಟೇ ಓದುವ ನಮಗೆ ಇದು ಕಾಣುವುದಿಲ್ಲ. ಹೊರಗೇ ಉಳಿದವರು ಆತ್ಮಕಥೆ ಬರೆಯುವುದಿಲ್ಲ.

ನನ್ನ ಆ ಹುಡುಗ ಈಗ ಕಿರಾಣಿ ಅಂಗಡಿ ನಡೆಸುತ್ತಾನೆ. ಹಾಡು ಬಿಟ್ಟು ಬಹಳ ವರ್ಷಗಳಾದವು. ಮೊನ್ನೆ ಸಿಕ್ಕಾಗ, “ನನ್ನ ಹತ್ರ ಪ್ರತಿಭಾ ಇರಲಿಲ್ಲ ಬಿಡ್ರಿ ಸರ” ಎಂದು ನಕ್ಕ. ಆ ತೀರ್ಮಾನ ನನ್ನ ಮಾತಿನಿಂದಲೇ ಹುಟ್ಟಿದ್ದು. ಪ್ರತಿಭೆಯಿದ್ದರೆ ಯಶಸ್ಸು ಬಂದೇ ಬರುತ್ತದೆ ಎಂದರೆ, ಯಶಸ್ಸು ಬಾರದವನಲ್ಲಿ ಪ್ರತಿಭೆಯಿಲ್ಲ ಎಂದೂ ಹೇಳಿದಂತಾಯಿತಲ್ಲ! ಅಂದು ಬೆನ್ನು ತಟ್ಟಿ ಕಳಿಸುವ ಬದಲು ಅವನನ್ನು ಯಾರಾದರೂ ಗುರುಗಳ ಮನೆಗೆ ಕರೆದುಕೊಂಡು ಹೋಗಬೇಕಿತ್ತು.