ಅತ್ತಿಮಬ್ಬೆಯ ವಂಶವೂ ಶ್ರುತದ ದಾಯವೂ: ಅಜಿತಪುರಾಣದ ಪೀಠಿಕೆಯ ಒಂದು ವಿಮರ್ಶೆ

ಕವಿರತ್ನ ರನ್ನನ ಅಜಿತಪುರಾಣವನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಗದಾಯುದ್ಧದ ನೆರಳಿನಲ್ಲಿಯೇ ನಡೆದುಬಂದಿದೆ. ಆ ಲೌಕಿಕ ಕಾವ್ಯದ ರಸಾವೇಶ ಇಲ್ಲಿಲ್ಲವೆಂದೂ, ಪೀಠಿಕೆಯ ವಂಶಪ್ರಶಸ್ತಿಯು ಆಶ್ರಯದಾತೆಗೆ ಸಲ್ಲಿಸಿದ ಕಾಣಿಕೆ ಮಾತ್ರವೆಂದೂ ಹೇಳುವುದು ವಾಡಿಕೆ. ಚರಿತ್ರಕಾರರು ಆ ಪದ್ಯಗಳಿಂದ ಹೆಸರುಗಳನ್ನು ಆಯ್ದುಕೊಳ್ಳುತ್ತಾರೆ. ಕಾವ್ಯರಸಿಕರು ಅವನ್ನು ದಾಟಿ ಕಥಾಭಾಗಕ್ಕೆ ತೆರಳುತ್ತಾರೆ. ಈ ವಿಭಜನೆಯಿಂದ ವಂಶವೃತ್ತಾಂತದ ಅರ್ಥವೂ ಪುರಾಣದ ಅರ್ಥವೂ ಸಮನಾಗಿ ಕುಂದಿವೆ.

ವಂಶದ ಮೂಲಸ್ಥಾನ ವೆಂಗಿವಿಷಯದ ಕಮ್ಮೆನಾಡಿನ ಪುಂಗನೂರು. ಅಲ್ಲಿಯ ಕೌಂಡಿನ್ಯಗೋತ್ರದ ನಾಗಮಯ್ಯನು ಜಿನಭಕ್ತನಾದ ಬ್ರಾಹ್ಮಣ. ಅವನ ಮಕ್ಕಳಾದ ಮಲ್ಲಪಯ್ಯ, ಪುನ್ನಮಯ್ಯರು ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನನಿಂದ ಶಾಂತಿಪುರಾಣವನ್ನು ರಚಿಸಿಸಿದರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಕವಿ ಪೊನ್ನ. ಮಲ್ಲಪಯ್ಯ ಮತ್ತು ಅಪ್ಪಕಬ್ಬೆಯರ ಹೆಣ್ಣುಮಕ್ಕಳಲ್ಲಿ ಅತ್ತಿಮಬ್ಬೆ ಹಿರಿಯಳು, ಗುಂಡಮಬ್ಬೆ ಕಿರಿಯಳು. ಇಬ್ಬರನ್ನೂ ಚಾಲುಕ್ಯ ತೈಲಪನ ಮಂತ್ರಿಯಾದ ಧಲ್ಲಪನ ಮಗ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. ಹೀಗೆ ರಾಷ್ಟ್ರಕೂಟರ ಕಾಲದ ಗ್ರಂಥಪೋಷಕ ಮನೆತನವೊಂದು ಚಾಲುಕ್ಯರ ಅಧಿಕಾರಿ ಮನೆತನದೊಡನೆ ಬೆಸೆಯಿತು.

ನಾಗದೇವನು ಅಕಾಲದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಉಳಿದಳು. ಮಗನಾದ ಅಣ್ಣಿಗದೇವನ ಪಾಲನೆಯೇ ಇದಕ್ಕೆ ಕಾರಣವೆಂದು ಹೇಳಿ ಮುಗಿಸುವುದು ಸಾಲದು. ಸಮಂತಭದ್ರಾಚಾರ್ಯರ ರತ್ನಕರಂಡಕವು ಅಗ್ನಿಪಾತವನ್ನು ಲೋಕಮೂಢತೆಗಳಲ್ಲಿ ಎಣಿಸಿದೆ. ಸಮ್ಯಗ್ದರ್ಶನವುಳ್ಳ ಶ್ರಾವಕಿಗೆ ವ್ರತನಿಯಮಗಳಿಂದ ದೇಹವನ್ನು ದಂಡಿಸುವುದು ಮಾರ್ಗವೇ ಹೊರತು ಚಿತೆಯನ್ನೇರುವುದಲ್ಲ. ಪತಿಯನ್ನೂ ತಂಗಿಯನ್ನೂ ಒಮ್ಮೆಲೇ ಕಳೆದುಕೊಂಡವಳು ಆಗಮಕ್ಕೆ ಸಮ್ಮತವಾದ ಕಠಿನತರ ಹಾದಿಯನ್ನು ಹಿಡಿದಳೆಂಬುದು ಇಲ್ಲಿ ಮುಖ್ಯ. ಅವಳು ಉಳಿಯದಿದ್ದರೆ ಮುಂದಿನ ಗ್ರಂಥಕಾರ್ಯವೂ ನಡೆಯುತ್ತಿರಲಿಲ್ಲ.

ದಾಯಭಾಗದ ಪ್ರಶ್ನೆಯನ್ನು ಇಲ್ಲಿ ಎತ್ತಬೇಕು. ಪತಿಗೃಹದ ಅಧಿಕಾರ ಮಗನಿಗೆ ಸಂದಿತು. ಲಕ್ಕುಂಡಿಯ ಶಾಸನವು ಅವನನ್ನು ಪಡೆವಳ ತೈಲನೆಂದು ಕರೆಯುತ್ತದೆ. ಮಲ್ಲಪಯ್ಯನಿಗೆ ಗಂಡುಸಂತಾನವೂ ಇದ್ದಿತು. ಆದರೂ ತಂದೆ ಮತ್ತು ಚಿಕ್ಕಪ್ಪನ ಗ್ರಂಥಕಾರ್ಯವನ್ನು ಎತ್ತಿಕೊಂಡವಳು ಮಗಳು. ಶಾಂತಿಪುರಾಣದ ೧,೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಇದು ಶಾಸ್ತ್ರದಾನ. ಭೂಮಿಯೂ ಹೊನ್ನೂ ಹಂಚಿದಷ್ಟೂ ಕುಗ್ಗುತ್ತವೆ. ಓಲೆಯ ಮೇಲಿನ ಶ್ರುತವು ಹಂಚಿದಷ್ಟೂ ಬೆಳೆಯುತ್ತದೆ. ಪಿತೃಗೃಹದ ಒಂದು ಪುರಾಣವನ್ನು ಹೀಗೆ ಸಮುದಾಯದ ಸ್ವತ್ತನ್ನಾಗಿ ಮಾಡಿದವಳು ೯೯೩ರಲ್ಲಿ ರನ್ನನಿಂದ ಇನ್ನೊಂದನ್ನು ರಚಿಸಿಸಿದಳು. ತಂದೆ ಶಾಂತಿನಾಥನ ಚರಿತೆಯನ್ನು ಬರೆಯಿಸಿದ, ಮಗಳು ಅಜಿತನಾಥನ ಚರಿತೆಯನ್ನು ಬರೆಯಿಸಿದಳು ಎಂಬ ಈ ಸರಣಿಯನ್ನು ಸ್ಥಾಪಿಸುವುದೇ ಪೀಠಿಕೆಯ ಉದ್ದೇಶ. ಅದು ಬರಿಯ ಸ್ತುತಿಯಲ್ಲ, ಶ್ರುತದ ದಾಯಪತ್ರ.

ಈ ದೃಷ್ಟಿಯಿಂದ ನೋಡಿದರೆ ಪುರಾಣದ ಸಗರಚಕ್ರವರ್ತಿಯ ವೃತ್ತಾಂತಕ್ಕೆ ಹೊಸ ಬೆಳಕು ದೊರೆಯುತ್ತದೆ. ೬೦,೦೦೦ ಮಕ್ಕಳ ತಂದೆಯಾದ ಸಗರನು ಭೋಗದಲ್ಲಿ ಮುಳುಗಿದಾಗ ಮಿತ್ರದೇವನಾದ ಮಣಿಕೇತು ಅವರು ಮಡಿದಂತೆ ಮಾಯೆಯನ್ನು ಒಡ್ಡುತ್ತಾನೆ. ಮಗನನ್ನು ಕಳೆದುಕೊಂಡ ವೃದ್ಧ ವಿಪ್ರನ ವೇಷದಲ್ಲಿ ಬಂದು, ಯಮನನ್ನು ತಡೆಯುವವರಿಲ್ಲವೆಂಬ ಮಾತನ್ನು ಚಕ್ರವರ್ತಿಯ ಬಾಯಿಂದಲೇ ಹೊರಡಿಸುತ್ತಾನೆ. ಬಳಿಕ ಸಗರನು ಭಗೀರಥನಿಗೆ ರಾಜ್ಯವನ್ನು ಒಪ್ಪಿಸಿ ದೀಕ್ಷೆ ಹಿಡಿಯುತ್ತಾನೆ. ಈ ಕಥೆ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿಯೇ ಇರುವುದರಿಂದ ಸಗರನಲ್ಲಿ ಅತ್ತಿಮಬ್ಬೆಯನ್ನು ಅರಸುವುದು ಯುಕ್ತವಲ್ಲ. ಆದರೆ ವಂಶವೃತ್ತಾಂತವನ್ನು ಓದಿ ಬಂದವನಿಗೆ ಈ ಪ್ರಸಂಗ ಬೇರೆಯಾಗಿಯೇ ಕೇಳಿಸುತ್ತದೆ. ಸಂತಾನವೂ ಸಾಮ್ರಾಜ್ಯವೂ ಅನಿತ್ಯ. ಶೋಕವು ವಿವೇಕಕ್ಕೆ ದಾರಿಯಾಗಬೇಕು. ಕಥಾನಾಯಕನಿಗೆ ಒದಗಿದ ಈ ಪಾಠವನ್ನು ಕಾವ್ಯದ ಪೋಷಕಿ ಬಾಳಿನಲ್ಲಿ ಆಗಲೇ ಆಚರಿಸಿದ್ದಳು. ವಿಮರ್ಶಕರು ಶುಷ್ಕವೆಂದು ಬದಿಗಿಟ್ಟ ವೈರಾಗ್ಯಭಾಗಗಳಿಗೆ ಆರ್ದ್ರತೆ ಬರುವುದು ಇದರಿಂದ.

ಕಾವ್ಯದ ಹೊಗಳಿಕೆಯನ್ನು ಒರೆಗೆ ಹಚ್ಚಲು ಲಕ್ಕುಂಡಿಯ ಶಿಲೆಯಿದೆ. ಇರಿವಬೆಡಂಗ ಸತ್ಯಾಶ್ರಯನ ಕಾಲದ ೧೦೦೭ರ ಆ ಶಾಸನವು ಆಕೆ ಕಟ್ಟಿಸಿದ ಜಿನಾಲಯವನ್ನೂ ದತ್ತಿಯನ್ನೂ ದಾಖಲಿಸಿದೆ. ಗೋದಾವರಿಯ ಪ್ರವಾಹ ಆಕೆಗಾಗಿ ನಿಂತಿತೆಂಬ ಮಹಿಮೆಯೂ ಅಲ್ಲಿದೆ. ಚರಿತ್ರಕಾರರು ಅದನ್ನು ಅತಿಶಯೋಕ್ತಿಯೆಂದು ಬಿಡಬಹುದು. ಆದರೆ ಒಂದು ಶತಮಾನದ ತರುವಾಯ ಶ್ರವಣಬೆಳಗೊಳದ ಶಾಸನವು ಗಂಗರಾಜನನ್ನು ಹೊಗಳಲು ಇದೇ ಪ್ರಸಂಗವನ್ನು ಉಪಮಾನವಾಗಿ ಬಳಸಿಕೊಂಡಿದೆ. ದಂಡನಾಯಕನ ಹಿರಿಮೆಗೆ ಶ್ರಾವಕಿಯೊಬ್ಬಳ ಹೆಸರು ಅಳತೆಗೋಲಾದುದು ಅತ್ತಿಮಬ್ಬೆ ಬಿಟ್ಟುಹೋದ ಕೀರ್ತಿದಾಯ.

ಗ್ರಂಥದಾನದ ದಾಯವೂ ಮುಂದುವರಿಯಿತು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳಲ್ಲಿ ಧವಲೆಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದ ದೇಮಿಯಕ್ಕನೂ, ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟ ಮಲ್ಲಿಕಬ್ಬೆಯೂ ಇದೇ ಸಾಲಿನವರು. ಇವರ ಹೆಸರುಗಳು ಉಳಿದಿರುವುದು ಪ್ರಶಸ್ತಿಪದ್ಯಗಳಿಂದ. ಆದುದರಿಂದ ಗ್ರಂಥಸಂಪಾದಕರು ಪ್ರಶಸ್ತಿಯನ್ನು ಮೂಲಕ್ಕೆ ಹೊರತಾದುದೆಂದು ಬಗೆದು ಸಂಕ್ಷೇಪಿಸುವುದು ಸಲ್ಲದು. ಪಾಠಾಂತರಸಹಿತವಾಗಿ ಅದನ್ನು ಪೂರ್ಣವಾಗಿ ಮುದ್ರಿಸುವುದು ಗ್ರಂಥವನ್ನು ಉಳಿಸಿಕೊಟ್ಟವರಿಗೆ ಸಲ್ಲಬೇಕಾದ ಋಣ.